ಸೈಕಲ್ ಪ್ರಶ್ನೋತ್ತರ: ಅಟ್ಟದಿಂದ ಇಳಿದ ರೇಸಿಂಗ್ ಸೈಕಲ್ಲು

ಪ್ರಶ್ನೆ: ಎಂಬತ್ತರ ದಶಕದ ಸ್ಟೀಲ್ ಫ್ರೇಮಿನ ರೇಸಿಂಗ್ ಸೈಕಲ್ ಇಷ್ಟು ದಿನ ಅಟ್ಟದಲ್ಲಿತ್ತು. ಚಕ್ರ ತಿರುಗಿಸಿದರೆ ಕರಕರ ಅನ್ನುತ್ತದೆ. ಮೇಲಿಂದ ಗ್ರೀಸ್ ಹಾಕಿದರೆ ಸಾಕೇ? – ಓದುಗರು, ವಿಜಯಪುರ

ಉತ್ತರ: ಸಾಲದು, ಹಬ್ (ಚಕ್ರದ ನಡುಭಾಗ) ಬಿಚ್ಚಲೇಬೇಕು. ಹಳೆ ಗ್ರೀಸು ಮೇಣದಂತೆ ಗಟ್ಟಿಯಾಗಿ, ತುಕ್ಕಿನ ಪುಡಿ ಅದರಲ್ಲೇ ಸೇರಿಕೊಂಡಿರುತ್ತದೆ. ಮೇಲೆ ಹೊಸದನ್ನು ತುಂಬಿದರೆ ಆ ಪುಡಿ ಕೋನನ್ನು (ಆಕ್ಸಲ್ ಮೇಲೆ ಕೂತು ಬೇರಿಂಗ್ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟು) ಅರೆಯುತ್ತಲೇ ಇರುತ್ತದೆ.

ತೆಳ್ಳನೆಯ ಕೋನ್ ಸ್ಪ್ಯಾನರ್ ಬೇಕು. ಸಾಮಾನ್ಯವಾಗಿ ಮುಂದಕ್ಕೆ 13 ಮಿ.ಮೀ., ಹಿಂದಕ್ಕೆ 15 ಮಿ.ಮೀ. ಮಾಮೂಲಿ ಸ್ಪ್ಯಾನರ್ ದಪ್ಪವಾದ್ದರಿಂದ ಕೋನ್ ಜೊತೆಗೆ ಲಾಕ್ ನಟ್ಟನ್ನೂ ಹಿಡಿದುಬಿಡುತ್ತದೆ. ಹಿಂದಿನ ಚಕ್ರವಾದರೆ ಮೊದಲು ಫ್ರೀವೀಲ್ (ಚೈನ್ ಕೂರುವ ಹಿಂದಿನ ಹಲ್ಲುಚಕ್ರಗಳ ಗುಚ್ಛ) ತೆಗೆಯಿರಿ. ಅದಕ್ಕೆ ಹೊಂದುವ ಟೂಲನ್ನು ಬೆಂಚ್ ವೈಸಿಗೆ ಕಚ್ಚಿಸಿ, ಅದರ ಮೇಲೆ ಚಕ್ರ ಕೂರಿಸಿ, ರಿಮ್ ಹಿಡಿದು ಎಡಕ್ಕೆ ತಿರುಗಿಸಬೇಕು. ಎರಡೇ ಕಚ್ಚು ಇರುವ ಹಳೆ ಫ್ರೀವೀಲಾದರೆ ಆಕ್ಸಲ್ ನಟ್ಟಿನಿಂದ ಟೂಲನ್ನು ಒತ್ತಿ ಹಿಡಿಸಿ, ಇಲ್ಲವಾದರೆ ಕಚ್ಚು ಮುರಿಯುತ್ತದೆ. ಸಡಿಲವಾದ ಕೂಡಲೇ ನಟ್ ತೆಗೆಯುವುದನ್ನು ಮರೆಯಬೇಡಿ. ಹೊಸ ಕಡ್ಡಿ ಹಾಕಿಸುವ ಯೋಚನೆ ಇದ್ದರೂ ಹಳೆ ಕಡ್ಡಿ ಕತ್ತರಿಸುವ ಮೊದಲೇ ಈ ಕೆಲಸ ಮುಗಿಸಿ. ರಿಮ್ ಹೋದ ಮೇಲೆ ಬಲ ಹಾಕಲು ಹಿಡಿತವೇ ಇರುವುದಿಲ್ಲ.

ಕೆಳಗೆ ಬಟ್ಟೆ ಹಾಸಿ ಆಕ್ಸಲ್ ಎಳೆಯಿರಿ, ಬಾಲ್ಸ್ ಎಣಿಸಿಕೊಳ್ಳಿ. ಮುಂದಿನ ಹಬ್ಬಿನಲ್ಲಿ ಪ್ರತಿ ಬದಿಗೆ 3/16 ಇಂಚಿನ 10, ಹಿಂದೆ 1/4 ಇಂಚಿನ 9 ಇರುವುದು ರೂಢಿ. ಇಟಲಿಯ ಕಂಪಾಗ್ನೋಲೋ ಕಂಪನಿಯ ಹಳೆ ಮುಂದಿನ ಹಬ್ಬುಗಳಲ್ಲಿ 7/32 ಇಂಚಿನವು ಬರುತ್ತವೆ, ಹಾಗಾಗಿ ಅಳೆದೇ ಕೊಳ್ಳಿ. ಹಳೆ ಬಾಲ್ಸ್ ಎಷ್ಟೇ ಹೊಳೆಯುತ್ತಿರಲಿ, ಎಸೆಯಿರಿ. ಹೊಸದು, ಸವೆದದ್ದು ಬೆರೆಸಿದರೆ ಒಂದೆರಡು ದೊಡ್ಡ ಬಾಲುಗಳ ಮೇಲೇ ಭಾರವೆಲ್ಲ ಬೀಳುತ್ತದೆ.

ಕಪ್ (ಹಬ್ಬಿನೊಳಗೆ ಬಾಲ್ಸ್ ಕೂರುವ ಬಟ್ಟಲು), ಕೋನ್ ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಸೀಮೆಎಣ್ಣೆ ಸಿಗದಿದ್ದರೆ ಪೇಂಟ್ ಅಂಗಡಿಯ ಟರ್ಪಂಟೈನ್ ಆದೀತು. ಪೆಟ್ರೋಲ್ ಮಾತ್ರ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ಕೋನಿನ ಮೇಲೆ ನುಣುಪಾದ ಬೂದುಗೆರೆ ಇದ್ದರೆ ಚಿಂತೆಯಿಲ್ಲ. ಬಾಲ್ ಪೆನ್ನಿನ ತುದಿ ಎಳೆದಾಗ ಗುಳಿಗೆ ತಡೆದರೆ ಕೋನ್ ಬದಲಿಸಿ. ಗುಳಿ ಕಪ್ಪಿನಲ್ಲೇ ಇದ್ದರೆ ಹೆಚ್ಚಿನ ಹಬ್ಬುಗಳಲ್ಲಿ ಅದಕ್ಕೆ ಬದಲಿ ಸಿಗುವುದಿಲ್ಲ, ಹಬ್ಬೇ ಬದಲಾಗಬೇಕು. ಬೈಕಿನ ಚಕ್ರಕ್ಕೆ ಹಾಕುವ ಲಿಥಿಯಂ ಗ್ರೀಸನ್ನು ಕಪ್ಪಿಗೆ ತುಂಬಿ, ಬಾಲ್ಸ್ ಒತ್ತಿ ಕೂರಿಸಿ, ಮೇಲೊಂದು ಪದರ ಬಳಿಯಿರಿ.

ಕೆಡುವುದು ಹೆಚ್ಚಾಗಿ ಕೊನೆಯ ಬಿಗಿತದಲ್ಲೇ. ಕ್ವಿಕ್ ರಿಲೀಸ್ ಲಿವರ್ (ಸ್ಪ್ಯಾನರ್ ಇಲ್ಲದೆ ಚಕ್ರವನ್ನು ಫ್ರೇಮಿಗೆ ಬಿಗಿಯುವ ಹಿಡಿ) ಮುಚ್ಚಿದಾಗ ಟೊಳ್ಳು ಆಕ್ಸಲ್ ಕೂದಲೆಳೆಯಷ್ಟು ಕುಗ್ಗುತ್ತದೆ. ಆದ್ದರಿಂದ ಚಕ್ರವನ್ನು ಕೈಯಲ್ಲಿ ಹಿಡಿದಾಗ ಆಕ್ಸಲ್ಲಿಗೆ ಸ್ವಲ್ಪವೇ ಆಟ (ಸಡಿಲಿಕೆ) ಇರಬೇಕು, ಫ್ರೇಮಿಗೆ ಬಿಗಿದ ಮೇಲೆ ಪೂರ್ತಿ ಹೋಗಬೇಕು. ನಟ್ ಬಿಗಿಯುವ ಗಟ್ಟಿ ಆಕ್ಸಲ್ಲಿಗೆ ಈ ಲೆಕ್ಕ ಇಲ್ಲ.

ಪ್ರಶ್ನೆ: ಬಾಟಮ್ ಬ್ರಾಕೆಟ್ಟಿನ (ಪೆಡಲ್ ತೋಳುಗಳ ಆಕ್ಸಲ್ ತಿರುಗುವ ಜಾಗ) ಬಲಗಡೆಯ ಕಪ್ ಎಷ್ಟು ಬಲ ಹಾಕಿದರೂ ಅಲ್ಲಾಡುತ್ತಿಲ್ಲ. – ಓದುಗರು, ಮೈಸೂರು

ಉತ್ತರ: ಬಹುಶಃ ಬಿಗಿಯುವ ದಿಕ್ಕಿಗೇ ತಿರುಗಿಸುತ್ತಿದ್ದೀರಿ. ಕಪ್ಪಿನ ಮೇಲೆ 1.37×24 ಎಂದಿದ್ದರೆ ಅದು ಇಂಗ್ಲಿಷ್ ಥ್ರೆಡ್, ಬಲಗಡೆಯದು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಚ್ಚುತ್ತದೆ. 36×24 ಇದ್ದರೆ ಇಟಾಲಿಯನ್, ಎರಡೂ ಬದಿ ಮಾಮೂಲಿ ಎಡಕ್ಕೆ. ಆದರೆ ಅದನ್ನು ಬಿಚ್ಚಲೇಬೇಕೆಂದೇನಿಲ್ಲ. ಎಡಗಡೆಯ ಕಪ್ ಮತ್ತು ಆಕ್ಸಲ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗೆ ನುಣುಪಿದ್ದರೆ ಬಟ್ಟೆಯಲ್ಲಿ ಒರೆಸಿ ಹಾಗೇ ಬಿಡಿ. ಬಾಲ್ಸ್ 1/4 ಇಂಚಿನವು, ಕೇಜ್ (ಬಾಲ್ಸ್ ಹಿಡಿದಿಡುವ ಬಳೆ) ಇಲ್ಲದೆ ಹಾಕಿದರೆ ಬದಿಗೆ 11.

ಪೆಡಲಿನಲ್ಲೂ ಇದೇ ಗೊಂದಲ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಹಿಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡು ಪೆಡಲ್ಲೂ ಬಿಚ್ಚುತ್ತವೆ.

ಪ್ರಶ್ನೆ: ಅಲ್ಯೂಮಿನಿಯಂ ಸೀಟ್ ಪೋಸ್ಟ್ ಸ್ಟೀಲ್ ಫ್ರೇಮಿನಲ್ಲಿ ಕಚ್ಚಿಕೊಂಡಿದೆ. ಕಾಸ್ಟಿಕ್ ಸೋಡಾ ಹಾಕಬಹುದೇ? – ಓದುಗರು, ಉಡುಪಿ

ಉತ್ತರ: ಬೇಡ. ಅದು ಅಲ್ಯೂಮಿನಿಯಮನ್ನು ಕರಗಿಸಿ ಸ್ಟೀಲನ್ನು ಬಿಡುವುದು ನಿಜ. ಆದರೆ ಕುದಿಯುವಷ್ಟು ಬಿಸಿಯಾಗಿ ಹೈಡ್ರೋಜನ್ ಬಿಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು, ಬಣ್ಣವೂ ಏಳುತ್ತದೆ. ನಿಮ್ಮೂರಿನ ಉಪ್ಪುಗಾಳಿಯಲ್ಲಿ ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಬಿಗಿಯುತ್ತದೆ.

ಕ್ಲಾಂಪಿನ ಬೋಲ್ಟನ್ನು ಪೂರ್ತಿ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆಯನ್ನು ಮೇಲಿಂದ ಬಿಡಿ, ಬಾಟಮ್ ಬ್ರಾಕೆಟ್ ತೆಗೆದು ಸೈಕಲ್ ತಲೆಕೆಳಗೆ ಮಾಡಿ ಒಳಗಿಂದಲೂ ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಪೋಸ್ಟಿನ ಮೇಲೆ ಐಸ್ ಒತ್ತಿ ಹಿಡಿದರೆ ಸಹಾಯವಾಗುತ್ತದೆ, ಏಕೆಂದರೆ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಇಮ್ಮಡಿ ಕುಗ್ಗುತ್ತದೆ. ಆಮೇಲೆ ಪೋಸ್ಟಿನ ತಲೆಯನ್ನು ವೈಸಿಗೆ ಕಚ್ಚಿಸಿ ಇಡೀ ಫ್ರೇಮನ್ನೇ ತಿರುಗಿಸಿ. ಎಳೆಯಬೇಡಿ, ಮೊದಲು ತಿರುಚಿ. ಬದಲಿ ಕೊಳ್ಳುವಾಗ ಹಳೆಯದರ ಮೇಲೆ ಅಚ್ಚಾದ ಅಳತೆಯೇ ಬೇಕು. 0.2 ಮಿ.ಮೀ. ಕಡಿಮೆಯಾದರೂ ಸೀಟು ಜಾರುತ್ತದೆ.

ಪ್ರಶ್ನೆ: ಬ್ರೇಕ್ ಲಿವರಿನಲ್ಲೇ ಗೇರ್ ಇರುವ ಹಳೆ ಶಿಮಾನೋ ಶಿಫ್ಟರ್. ಒತ್ತಿದರೆ ಕಚ್ಚುವುದೇ ಇಲ್ಲ, ಗಾಳಿಯಲ್ಲಿ ಆಡಿದ ಹಾಗಿದೆ. – ಓದುಗರು, ಬೆಂಗಳೂರು

ಉತ್ತರ: 1990ರಲ್ಲಿ ಬಂದ ಈ ಎಸ್‌ಟಿಐ ಲಿವರುಗಳಿಗೆ ಇದು ಮಾಮೂಲಿ ಕಾಯಿಲೆ. ಒಳಗಿನ ಗ್ರೀಸು ಒಣಗಿ, ಹಲ್ಲು ಹಿಡಿಯುವ ಪುಟ್ಟ ಕೊಕ್ಕೆ ಅಂಟಿಕೊಂಡಿರುತ್ತದೆ. ಮೊದಲು ಗೇರ್ ವೈರಿನ ತಲೆ ಒಳಗೆ ಎಳೆ ಬಿಚ್ಚಿಕೊಂಡು ಸಿಕ್ಕಿದೆಯೇ ನೋಡಿ, ವೈರ್ ತೆಗೆಯಿರಿ. ಬಳಿಕ ಡಬ್ಲ್ಯೂಡಿ-40 ಸ್ಪ್ರೇಯನ್ನು ಸಂದಿಗಳಿಗೆ ಧಾರಾಳವಾಗಿ ಹೊಡೆದು, ನೂರು ಸಲವಾದರೂ ಒತ್ತುತ್ತಿರಿ. ಕಂದು ನೀರು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಿ. ಕಚ್ಚತೊಡಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಡಿ, ಸ್ಪ್ರೇ ಒಂದೇ ಹೆಚ್ಚು ದಿನ ಬಾಳದು. ಬಿಚ್ಚುವ ಧೈರ್ಯ ಮಾತ್ರ ಮಾಡಬೇಡಿ, ಸ್ಪ್ರಿಂಗು ಹಾರಿದರೆ ಜೋಡಿಸುವುದು ಕಷ್ಟ.

ಪ್ರಶ್ನೆ: ತುಕ್ಕು ಹಿಡಿದ ಚೈನನ್ನು ಆಕ್ಸಾಲಿಕ್ ಆಸಿಡ್‌ನಲ್ಲಿ ನೆನೆಸಬಹುದೇ? – ಓದುಗರು, ಬಾಗಲಕೋಟೆ

ಉತ್ತರ: ಕ್ರೋಮ್ ಹ್ಯಾಂಡಲ್, ಬೋಲ್ಟುಗಳಿಗಾದರೆ ಸರಿ. ಚೈನ್, ಬಾಲ್ಸ್, ಕೋನುಗಳಂಥ ಗಡುಸು ಉಕ್ಕಿಗೆ ಆಸಿಡ್ ಬೇಡ, ಪೆಡಸಾಗಿ ತುಂಡಾಗಬಹುದು. ತುಕ್ಕಿಗೆ ಬಿಗಿದುಕೊಂಡ ಚೈನಿಗೆ ಆರೈಕೆ ದಂಡ, ಹೊಸದು ತನ್ನಿ. ಬರೀ ಕೊಳೆಯಾಗಿದ್ದರೆ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ಹೊಸ ಚೈನಿನ 24 ಅರೆಕೊಂಡಿಗಳು (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಒಂದು) ಸರಿಯಾಗಿ 12 ಇಂಚು. 1/16 ಇಂಚು ಹೆಚ್ಚಿದ್ದರೆ ಬದಲಿಸುವ ಕಾಲ, 1/8 ಹೆಚ್ಚಿದ್ದರೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ. ಆಗ ಹೊಸ ಚೈನ್ ಒಂದೇ ಹಾಕಿದರೆ ಚಿಕ್ಕ ಹಲ್ಲುಚಕ್ರದ ಮೇಲೆ ಹಾರುತ್ತದೆ.