ಪ್ರೀತಿಸುವ ದೇವರಿಗೆ ತೀರ್ಪಿನ ಗೊಡವೆ ಏಕೆ?

ಚಿತ್ರದುರ್ಗದಲ್ಲಿ ಗೆಳೆಯರೊಬ್ಬರ ಮನೆಯ ಪ್ರಾರ್ಥನಾಕೂಟಕ್ಕೆ ಹೋಗಿದ್ದಾಗ, ಅಲ್ಲಿ ಮಾತನಾಡಿದವರು ದೇವರೆಂದರೆ ಪ್ರೀತಿ ಎಂದರು, ಅದರ ಬೆನ್ನಿಗೇ ಯೇಸುವನ್ನು ನಂಬದವರಿಗೆ ನರಕವೇ ಗತಿ ಎಂದರು ಎಂದು ಬರೆದಿದ್ದೀರಿ. ಹೋದ ವರ್ಷ ತೀರಿಕೊಂಡ ನಿಮ್ಮ ಅಜ್ಜಿ ಆ ಹೆಸರನ್ನೂ ಸರಿಯಾಗಿ ಕೇಳಿದವರಲ್ಲ. ಹಾಗಿದ್ದರೆ ಅವರ ಗತಿಯೇನು, ಪ್ರೀತಿಸುವವನಿಗೆ ತೀರ್ಪಿನ ಗೊಡವೆ ಏಕೆ ಎಂಬುದು ನಿಮ್ಮ ಪ್ರಶ್ನೆ. ನಾನು ದಾವಣಗೆರೆಯವನು, ಕಥೋಲಿಕ ಕ್ರೈಸ್ತ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನಿಮ್ಮ ಪ್ರಶ್ನೆ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಜ್ಜಿಯನ್ನು ಕಳೆದುಕೊಂಡವರ ಮುಂದೆ ಆಡುವ ಮಾತಲ್ಲ ಅದು.

ಅಜ್ಜಿಯ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಅವರು ನರಕದಲ್ಲಿದ್ದಾರೆ ಎನ್ನುವ ಅಧಿಕಾರ ಅಂದು ಮಾತನಾಡಿದವರಿಗಿಲ್ಲ, ನನಗಿಲ್ಲ, ಪೋಪರಿಗೂ ಇಲ್ಲ. ನಮ್ಮ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಶತಮಾನಗಳಿಂದ ಸಾವಿರಾರು ಜನರನ್ನು ಸಂತರೆಂದು, ಅಂದರೆ ಇವರು ದೇವರ ಸನ್ನಿಧಿಯಲ್ಲಿದ್ದಾರೆ ಎಂದು ಸಾರಿದೆ. ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಹಿಡಿದು ಸಾರಿಲ್ಲ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನೂ ಸಾರಿಲ್ಲ.

ಹಾಗೆಂದು ನಮ್ಮವರು ಯಾವಾಗಲೂ ಮೃದುವಾಗಿಯೇ ಮಾತನಾಡಿದ್ದಾರೆ ಎಂದರೆ ಸುಳ್ಳಾಗುತ್ತದೆ. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಎಂಬ ಬಿಷಪ್ಪರ ಕೂಟ, ಧರ್ಮಸಭೆಯ ಹೊರಗಿರುವ ಯಾರಿಗೂ ನಿತ್ಯಜೀವವಿಲ್ಲ ಎಂದು ಕಟುವಾಗಿಯೇ ಬರೆಯಿತು. ಬರೆದವರಿಗೆ ಲೋಕವೆಂದರೆ ಯೂರೋಪು ಮತ್ತು ಅದರ ನೆರೆಹೊರೆ. ಐವತ್ತು ವರ್ಷ ಕಳೆದು ಹಡಗುಗಳು ಅಮೆರಿಕ ಮುಟ್ಟಿದಾಗ, ಯೇಸುವಿನ ಹೆಸರನ್ನೇ ಕೇಳದ ಜನ ಖಂಡಗಟ್ಟಲೆ ಇದ್ದಾರೆಂದು ತಿಳಿಯಿತು. ಕೇಳದೇ ಇದ್ದುದು ಅವರ ತಪ್ಪೇ? ಈ ಪ್ರಶ್ನೆ ಶತಮಾನಗಳ ಕಾಲ ಕೊರೆಯಿತು. ಕೊನೆಗೆ 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ‘ಲೂಮೆನ್ ಜೆಂಶಿಯಮ್’ ಎಂಬ ಬೋಧನಾಪತ್ರದ 16ನೆಯ ಭಾಗದಲ್ಲಿ ತನ್ನ ನಿಲುವನ್ನು ಬಿಡಿಸಿ ಹೇಳಿತು: ತಮ್ಮದಲ್ಲದ ಕಾರಣದಿಂದ ಕ್ರಿಸ್ತನನ್ನು ಅರಿಯದವರು, ಪ್ರಾಮಾಣಿಕ ಹೃದಯದಿಂದ ದೇವರನ್ನು ಹುಡುಕಿ ಮನಸ್ಸಾಕ್ಷಿಗೆ ತಕ್ಕಂತೆ ಬಾಳಿದರೆ, ಅವರೂ ಜೀವೋದ್ಧಾರ ಹೊಂದಬಲ್ಲರು. ಆ ಉದ್ಧಾರವೂ ಬರುವುದು ಕ್ರಿಸ್ತನಿಂದಲೇ ಎಂದು ನಾವು ನಂಬುತ್ತೇವೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಅವನು ಕೈಚಾಚುವ ಮೊದಲು ವಿಳಾಸ ಕೇಳುವುದಿಲ್ಲ. ಯೇಸುವನ್ನು ಬಾಯಿಬಿಟ್ಟು ಒಪ್ಪಿಕೊಳ್ಳದೆ ರಕ್ಷಣೆಯೇ ಇಲ್ಲ ಎನ್ನುವ ಕ್ರೈಸ್ತರು ಇಂದಿಗೂ ಬಹಳ ಮಂದಿ ಇದ್ದಾರೆ. ಅವರೂ ಬೈಬಲಿನ ಮಾತುಗಳನ್ನೇ ಆಧರಿಸುತ್ತಾರೆ. ನಾನು ಅವರೊಂದಿಗೆ ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಬೈಬಲಿನಲ್ಲಿ ಮತ್ತಾಯನು ಬರೆದ ಯೇಸುವಿನ ಚರಿತ್ರೆಯ 25ನೆಯ ಅಧ್ಯಾಯವೇ ನನಗೆ ಆಧಾರ.

ಅಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಕುರುಬನು ಕುರಿಗಳನ್ನೂ ಮೇಕೆಗಳನ್ನೂ ಬೇರ್ಪಡಿಸುವಂತೆ ಅರಸನು, ಅಂದರೆ ಕ್ರಿಸ್ತನು, ಜನರನ್ನು ಬೇರ್ಪಡಿಸುತ್ತಾನೆ. ನಾನು ಹಸಿದಿದ್ದೆ, ಉಣ್ಣಲು ಕೊಟ್ಟಿರಿ. ಪರದೇಶಿಯಾಗಿದ್ದೆ, ಮನೆಯೊಳಗೆ ಕರೆದಿರಿ ಎನ್ನುತ್ತಾನೆ. ಬಲಗಡೆಯವರಿಗೆ ಆಶ್ಚರ್ಯ. ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಕೇಳುತ್ತಾರೆ. ಅವನೆಂದು ತಿಳಿಯದೆಯೇ ಅವನಿಗೆ ಬಡಿಸಿದ್ದರು. ಇನ್ನು ಎಡಗಡೆಯವರನ್ನು ಗಮನಿಸಿ: ಅವರೂ ಅವನನ್ನು ‘ಪ್ರಭುವೇ’ ಎಂದೇ ಕರೆಯುತ್ತಾರೆ. ಅದು ನಿಮ್ಮ ಅಜ್ಜಿ ಹೆದರಬೇಕಾದ ಪುಟವಲ್ಲ, ದಿನಕ್ಕೆ ಹತ್ತು ಸಲ ‘ಪ್ರಭುವೇ’ ಎನ್ನುವ ನನ್ನಂಥವರು ಹೆದರಬೇಕಾದ ಪುಟ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಮನೆಯ ಗೋಡೆಯ ಮೇಲಿದೆ.

ನನ್ನ ತಾಯಿ ಇಲ್ಲಿಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೂಲಿಗೆ ಹೋಗುತ್ತಿದ್ದರು. ಕಾದ ಮರಳಿನಲ್ಲಿ ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು ಚೀಲಕ್ಕೆ ತುಂಬುವ ಕೆಲಸ, ಚೀಲಕ್ಕೆ ಇಷ್ಟೆಂದು ಕೂಲಿ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಭಟ್ಟಿಯಿಂದ ಸೆರಗಿನ ತುದಿಗೆ ಒಂದು ತುಂಡು ಇದ್ದಿಲು ಕಟ್ಟಿಕೊಂಡು ಬಂದು, ಬಾಗಿಲ ಹಿಂದಿನ ಗೋಡೆಯ ಮೇಲೆ ಅಂದು ತುಂಬಿದ ಚೀಲಗಳ ಲೆಕ್ಕಕ್ಕೆ ಗೆರೆ ಎಳೆಯುತ್ತಿದ್ದರು. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಶನಿವಾರ ನಾನು ಎಣಿಸಿ ಹೇಳಬೇಕು. ನಮ್ಮ ಗೋಡೆ 36 ಎಂದರೆ, ಭಟ್ಟಿಯಲ್ಲಿ ಲೆಕ್ಕ ಬರೆಯುವವನ ಪುಸ್ತಕ 31 ಎನ್ನುತ್ತಿತ್ತು. ಕೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತಿದ್ದ. ಅಮ್ಮ ಕೊಟ್ಟಷ್ಟನ್ನು ತೆಗೆದುಕೊಂಡು ಬರುತ್ತಿದ್ದರು, ಗೆರೆಗಳನ್ನು ಮಾತ್ರ ಅಳಿಸುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಮನೆಗೆಲ್ಲ ಸುಣ್ಣ ಬಳಿದು ಮೂಲೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ಕಟ್ಟುವಾಗಲೂ ಆ ಭಾಗಕ್ಕೆ ಕುಂಚ ತಾಗಿಸಲು ಬಿಡುತ್ತಿರಲಿಲ್ಲ.

ದೇವರು ಪ್ರೀತಿ, ಆದ್ದರಿಂದ ಅವನು ಯಾರ ಲೆಕ್ಕವನ್ನೂ ನೋಡುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಆ ಗೋಡೆ ನೆನಪಾಗುತ್ತದೆ. ಲೆಕ್ಕ ಬರೆದವನಿಗೆ ಅದು ಸಿಹಿಸುದ್ದಿ, ನನ್ನ ತಾಯಿಗೆ ಅಲ್ಲ. ಮೋಸ ಹೋದವಳ ಗೆರೆಗಳನ್ನು ನೋಡಲೂ ಒಲ್ಲದ ದೇವರು ಅವಳನ್ನು ಪ್ರೀತಿಸುತ್ತಾನೆ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಬೈಬಲಿನ ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ ಒಂದು ಮಾತಿದೆ: ನಿಮ್ಮ ಹೊಲ ಕೊಯ್ದವರಿಗೆ ನೀವು ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. 98ನೆಯ ಕೀರ್ತನೆಯಂತೂ ದೇವರು ಲೋಕಕ್ಕೆ ನ್ಯಾಯತೀರಿಸಲು ಬರುತ್ತಾನೆಂದು ನದಿಗಳೆಲ್ಲ ಚಪ್ಪಾಳೆ ತಟ್ಟಲಿ, ಬೆಟ್ಟಗಳು ಹಾಡಲಿ ಎನ್ನುತ್ತದೆ. ತೀರ್ಪಿನ ಸುದ್ದಿಗೆ ಚಪ್ಪಾಳೆ! ಚಿಕ್ಕವನಿದ್ದಾಗ ನನಗೆ ಇದು ಅರ್ಥವಾಗಿರಲಿಲ್ಲ. ಎಂದಾದರೂ ಒಮ್ಮೆ ಸುಳ್ಳು ಪುಸ್ತಕ ಮುಚ್ಚಿ ನಿಜವಾದ ಪುಸ್ತಕ ತೆರೆಯುತ್ತಾರೆ ಎಂದರೆ ಕೂಲಿಯವರಿಗೆ ಅದು ಹಬ್ಬವೇ.

ಹಾಗಾದರೆ ಲೆಕ್ಕ ಬರೆದವನ ಗತಿ? ನಿಜವಾಗಿ ಕಷ್ಟದ ಪ್ರಶ್ನೆ ಇದು. ಏಕೆಂದರೆ ನನ್ನ ಬಳಿಯೂ ಒಂದು ಸುಳ್ಳು ಪುಸ್ತಕವಿದೆ. ನಾನು ಯಾರಿಗೆ ಎಷ್ಟು ಉಳಿಸಿಕೊಂಡಿದ್ದೇನೆ ಎಂಬುದು ನನ್ನ ಹೆಂಡತಿಗೂ ತಿಳಿಯದು.

ಲೂಕನು ಬರೆದ ಯೇಸುವಿನ ಚರಿತ್ರೆಯ 19ನೆಯ ಅಧ್ಯಾಯದಲ್ಲಿ ಜಕ್ಕಾಯ ಎಂಬವನು ಬರುತ್ತಾನೆ. ಜೆರಿಕೋ ಊರಿನಲ್ಲಿ ರೋಮನರ ಪರವಾಗಿ ಸುಂಕ ವಸೂಲಿ ಮಾಡಿಸುವವರಲ್ಲಿ ದೊಡ್ಡವನು. ಜನರಿಂದ ಸುಲಿದು ಶ್ರೀಮಂತನಾದವನು. ಕುಳ್ಳನಾದ್ದರಿಂದ ಯೇಸುವನ್ನು ನೋಡಲು ಅತ್ತಿಯ ಜಾತಿಯ ಮರವೊಂದನ್ನು ಹತ್ತಿದ್ದ. ಯೇಸು ತಲೆಯೆತ್ತಿ, ಇಳಿದು ಬಾ, ಈ ಹೊತ್ತು ನಾನು ನಿನ್ನ ಮನೆಯಲ್ಲಿ ತಂಗಬೇಕು ಎಂದನು. ಮೊದಲು ಸುಲಿದದ್ದನ್ನು ಹಿಂದಿರುಗಿಸು, ಆಮೇಲೆ ಬರುತ್ತೇನೆ ಎನ್ನಲಿಲ್ಲ. ಊರವರೆಲ್ಲ ಗೊಣಗಿದರು, ನಮ್ಮ ಅಮ್ಮ ಅಲ್ಲಿದ್ದರೆ ಅವರೂ ಗೊಣಗುತ್ತಿದ್ದರು. ಆದರೆ ಮನೆಗೆ ಬಂದ ಅತಿಥಿಯ ಎದುರು ಜಕ್ಕಾಯ ತಾನಾಗಿಯೇ ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ಇಂದು ಈ ಮನೆಗೆ ಉದ್ಧಾರ ಬಂತು ಎಂದು ಯೇಸು ಹೇಳಿದ್ದು ಆಗ. ಪ್ರೀತಿ, ತೀರ್ಪು, ಜೀವೋದ್ಧಾರ ಮೂರೂ ಒಂದೇ ಊಟದ ಹೊತ್ತಿನಲ್ಲಿ ಆ ಮನೆಯಲ್ಲಿ ನಡೆದುಹೋದವು. ಒಳಗೆ ಬಂದದ್ದು ಪ್ರೀತಿ. ಆ ಪ್ರೀತಿಯ ಬೆಳಕಿನಲ್ಲಿ ತನ್ನ ಪುಸ್ತಕವನ್ನು ತಾನೇ ತೆರೆದು ತಾನೇ ತೀರ್ಪು ಹೇಳಿಕೊಂಡವನು ಜಕ್ಕಾಯ.

ಶಿಲುಬೆಯ ವಿಷಯ ಒಂದು ಮಾತು ಹೇಳದೆ ಇದನ್ನು ಮುಂದುವರಿಸಲಾರೆ. ನಾಲ್ಕರಷ್ಟು ಕೊಟ್ಟರೂ ತೀರದ ಸಾಲಗಳಿವೆ. ಸತ್ತವರಿಗೆ ಮಾಡಿದ ಮೋಸವನ್ನು ಯಾರಿಗೆ ಹಿಂದಿರುಗಿಸುವುದು? ಯೇಸುವಿನ ಪ್ರೇಷಿತನಾದ ಪೌಲನು ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆಯುತ್ತಾ, ನಮ್ಮ ಮೇಲಿದ್ದ ಸಾಲಪತ್ರವನ್ನು ದೇವರೇ ತೆಗೆದು ಶಿಲುಬೆಗೆ ಜಡಿದುಬಿಟ್ಟನು ಎನ್ನುತ್ತಾನೆ. ಸಾಲವೇ ಇರಲಿಲ್ಲ ಎನ್ನುವುದಿಲ್ಲ. ಅದನ್ನು ಕ್ರಿಸ್ತನು ತನ್ನ ಮೈಮೇಲೆ ಹಾಕಿಕೊಂಡ ಎಂಬುದು ನಮ್ಮ ನಂಬಿಕೆ. ನಾವು ಎದುರು ನಿಲ್ಲಬೇಕಾದ ನ್ಯಾಯಾಧೀಶನ ಅಂಗೈಗಳಲ್ಲಿ ಮೊಳೆಯ ಗಾಯಗಳಿವೆ.

ನರಕವಿಲ್ಲ ಎಂದು ನಾನು ಹೇಳಲಾರೆ, ಯೇಸುವೇ ಅದರ ಬಗ್ಗೆ ಮಾತನಾಡಿದ್ದಾನೆ. ಅವನು ಬಳಸಿದ ‘ಗೆಹೆನ್ನ’ ಎಂಬ ಮಾತು ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಿಂದ ಬಂದದ್ದು. ಹಿಂದೆ ಹೆತ್ತ ಮಕ್ಕಳನ್ನೇ ಬೆಂಕಿಗೆ ಕೊಟ್ಟ ಜಾಗ ಅದು. ಅಂದರೆ ಆ ಬೆಂಕಿಯನ್ನು ಹಚ್ಚಿದವರು ಮನುಷ್ಯರು. ನಮ್ಮ ಧರ್ಮೋಪದೇಶ ಗ್ರಂಥವೂ ನರಕವೆಂದರೆ ಮನುಷ್ಯ ತನ್ನನ್ನು ತಾನೇ ದೇವರಿಂದ ಕಡೆಯದಾಗಿ ಹೊರಗಿಟ್ಟುಕೊಳ್ಳುವ ಸ್ಥಿತಿ ಎಂದೇ ಹೇಳುತ್ತದೆ. ಏಳನೆಯ ಶತಮಾನದ ನಿನೆವೆಯ ಈಸಾಕ ಎಂಬ ಮುನಿ ಇನ್ನೂ ಆಳಕ್ಕೆ ಹೋಗುತ್ತಾರೆ: ನರಕದಲ್ಲಿರುವವರನ್ನು ಸುಡುವುದು ದೇವರ ಪ್ರೀತಿಯೇ, ತಾವು ಆ ಪ್ರೀತಿಗೆ ದ್ರೋಹ ಬಗೆದೆವಲ್ಲ ಎಂಬ ಅರಿವು. ಕೊನೆಯವರೆಗೂ ಹಾಗೆ ಮುಖ ತಿರುಗಿಸಿ ನಿಲ್ಲುವವರು ಇದ್ದಾರೆಯೇ? ಯಾರೂ ಇರದಿರಲಿ ಎಂದು ನಾನು ದಿನವೂ ಬೇಡುತ್ತೇನೆ.

ಅಮ್ಮ ವರ್ಷಕ್ಕೊಮ್ಮೆ, ಸೆಪ್ಟೆಂಬರ್ 8ರಂದು, ಹರಿಹರದ ಆರೋಗ್ಯಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ಹಬ್ಬಕ್ಕೆ ಹೋಗುತ್ತಿದ್ದರು. ಅಲ್ಲಿ ಎಲ್ಲ ಧರ್ಮದವರೂ ಬರುತ್ತಾರೆ, ನೀವೂ ನೋಡಿರಬಹುದು. ಅಮ್ಮ ಎರಡು ಮೇಣದಬತ್ತಿ ಹಚ್ಚುತ್ತಿದ್ದರು. ಒಂದು ನಮ್ಮ ಮನೆಗೆ. ಇನ್ನೊಂದು ಯಾರಿಗೆ ಎಂದು ಒಮ್ಮೆ ಕೇಳಿದೆ. ಲೆಕ್ಕ ಬರೆಯುವವನಿಗೆ ಎಂದರು. ನನಗೆ ಸಿಟ್ಟು ಬಂತು. ಹಾಗಾದರೆ ಗೋಡೆಗೆ ಸುಣ್ಣ ಬಳಿದುಬಿಡು ಎಂದೆ. “ಅದು ಹೇಗಾಗುತ್ತದೆ? ಅವನು ಬಂದು ಗೋಡೆ ನೋಡಿ ಹೌದು ಎನ್ನಲಿ, ಅವತ್ತು ನಾನೇ ಬಳಿಯುತ್ತೇನೆ. ಅವನು ಬರಲಿ ಎಂದೇ ಮೇಣದಬತ್ತಿ,” ಎಂದರು.

ಅವನು ಬರಲಿಲ್ಲ. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಬಾಗಿಲ ಹಿಂದಿನ ಗೆರೆಗಳು ಹಾಗೆಯೇ ಇವೆ, ಎರಡನೆಯ ಮೇಣದಬತ್ತಿಯನ್ನು ಈಗ ನಾನು ಹಚ್ಚುತ್ತೇನೆ. ಈ ಸಲ ಮೂರನೆಯದೊಂದನ್ನು ನಿಮ್ಮ ಅಜ್ಜಿಗಾಗಿ ಹಚ್ಚಬೇಕೆಂದಿದ್ದೇನೆ. ನಿಮ್ಮ ಮನೆಯವರಿಗೆ ಒಪ್ಪಿಗೆಯಿದ್ದರೆ ಅವರ ಹೆಸರನ್ನು ತಿಳಿಸಿ.