ಒಂದೇ ಬಿಯರ್ ಕುಡಿದಿದ್ದೆ, ಬ್ರೆತ್ ಅನಲೈಸರ್‌ನಲ್ಲಿ 48 ಬಂತು. 1971ರ ಸುಪ್ರೀಂ ಕೋರ್ಟ್ ತೀರ್ಪು ಒಂದಿದೆ ಅಂತಾರೆ ಗೆಳೆಯರು. ಮಶೀನ್ ನಂಬುವಂಥದ್ದಲ್ಲ ಅಂತ ಕೋರ್ಟ್‌ನಲ್ಲಿ ವಾದಿಸಿ ಗೆಲ್ಲಬಹುದಾ?

ಇದೇ ವಾದ ಹಿಡಿದುಕೊಂಡು ನಾನು ಕೋರ್ಟ್ ಮೆಟ್ಟಿಲು ಹತ್ತಿದ್ದೆ. ನೀವು ಒಂದು ಬಿಯರ್ ಆದರೂ ಕುಡಿದಿದ್ದಿರಿ, ನಾನು ಅದೂ ಇಲ್ಲ. ಆದರೂ ಸೋತೆ.

2022ರ ಮಾತು. ಮಂಡ್ಯ ಕಡೆ ಬೀಗರೂಟ ಮುಗಿಸಿ ರಾತ್ರಿ ಮೈಸೂರಿಗೆ ವಾಪಸ್ ಬರ್ತಾ ಇದ್ವಿ. ಬೀಗರೂಟದಿಂದ ಬಂದವನು ಕುಡಿದಿಲ್ಲ ಅಂದರೆ ನಮ್ಮ ಕಡೆ ಯಾರೂ ನಂಬಲ್ಲ, ಅದು ಬೇರೆ ವಿಷಯ. ಬಾಡೂಟ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿ ಕೂರಲಾಗುತ್ತಿರಲಿಲ್ಲ. ರಿಂಗ್ ರೋಡ್ ಹತ್ತಿರ ಗಾಡಿ ಪಕ್ಕಕ್ಕೆ ಹಾಕಿ, ಅತ್ತೆ ಕೊಟ್ಟು ಕಳಿಸಿದ್ದ ದ್ರಾಕ್ಷಾರಿಷ್ಟವನ್ನ ಎರಡು ಮುಚ್ಚಳ, ನೀರೂ ಬೆರೆಸದೆ, ಬಾಯಿಗೆ ಹುಯ್ಕೊಂಡೆ. ಮುಂದಿನ ಸಿಗ್ನಲ್‌ನಲ್ಲೇ ಬ್ಯಾರಿಕೇಡ್. ಕಾನ್‌ಸ್ಟೇಬಲ್ ಹೊಸ ಕೊಳವೆಯ ಪ್ಲಾಸ್ಟಿಕ್ ಹರಿದು ಮಶೀನ್‌ಗೆ ಸಿಕ್ಕಿಸಿ, "ಉದ್ದಕ್ಕೆ ಊದಿ ಸಾರ್, ಮಧ್ಯದಲ್ಲಿ ನಿಲ್ಲಿಸಬೇಡಿ" ಅಂದರು. ಊದಿದೆ. 71.

ಅರಿಷ್ಟ ಅಂದರೆ ಹುಳಿ ಬರಿಸಿ ಮಾಡುವ ಔಷಧಿ, ಅದರಲ್ಲಿ ಆಲ್ಕೋಹಾಲ್ ತಾನಾಗಿಯೇ ಹುಟ್ಟುತ್ತದೆ. ಎಷ್ಟಿದೆ ಅಂತ ಬಾಟಲಿ ಮೇಲೇ ಅಚ್ಚು ಹಾಕಿರುತ್ತಾರೆ. ಎರಡು ಮುಚ್ಚಳದಿಂದ ರಕ್ತಕ್ಕೆ ಸೇರುವುದು ಲೆಕ್ಕಕ್ಕೇ ಬರಲ್ಲ, ಕಾನೂನಿನ ಮಿತಿಯಾದ 30ರ (100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್) ಹತ್ತಿರಕ್ಕೂ ಹೋಗಲ್ಲ. ಆದರೆ ಕುಡಿದ ತಕ್ಷಣ ಬಾಯಿ, ಗಂಟಲಲ್ಲಿ ಅದರ ಆವಿ ತುಂಬಿಕೊಂಡಿರುತ್ತದೆ. ಅದು ಬಾಯಿಯದೋ ಶ್ವಾಸಕೋಶದ್ದೋ ಮಶೀನ್‌ಗೆ ಏನು ಗೊತ್ತು? 2100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಆಲ್ಕೋಹಾಲ್ ಒಂದು ಮಿಲಿಲೀಟರ್ ರಕ್ತದಲ್ಲಿರುತ್ತದೆ ಅನ್ನುವ ಲೆಕ್ಕದಲ್ಲಿ ಗುಣಿಸಿ ಅಂಕಿ ತೋರಿಸುತ್ತದೆ, ಅಷ್ಟೇ. ಹದಿನೈದು ನಿಮಿಷ ಏನೂ ಬಾಯಿಗೆ ಹಾಕದೆ ಕೂತರೆ ಆ ಆವಿ ಹೋಗಿಬಿಡುತ್ತದೆ.

ನಾನು ಕೆಟ್ಟಿದ್ದು ಇಲ್ಲೇ. ಆ ಹದಿನೈದು ನಿಮಿಷ ನಾನು ಕೂಗಾಡಿದೆ. ಷಡ್ಡಕನಿಗೆ ಫೋನ್ ಮಾಡಿ, ಅವನಿಂದ ಇನ್ಯಾರಿಗೋ ಫೋನ್ ಮಾಡಿಸಿದೆ. ಅಷ್ಟಾದ ಮೇಲೂ ಸಬ್ ಇನ್‌ಸ್ಪೆಕ್ಟರ್ ಸಮಾಧಾನವಾಗಿಯೇ, "ಕುಡಿದಿಲ್ಲ ಅಂತೀರಲ್ಲ, ಇನ್ನೊಂದ್ಸಲ ಊದಿಬಿಡಿ, ನೋಡೇಬಿಡೋಣ" ಅಂದರು. ನನ್ನ ಹೆಂಡತಿ ಕೂಡ "ಊದ್ರೀ ಒಂದ್ಸಲ, ಏನ್ ಹೋಗತ್ತೆ" ಅಂದಳು. ನನಗೆ ರೋಷ. "ನಿಮ್ಮ ಮಶೀನೇ ಸರಿ ಇಲ್ಲ, ನಾನ್ಯಾಕೆ ಊದ್ಲಿ" ಅಂದೆ. ಮರುಪರೀಕ್ಷೆಗೆ ನಿರಾಕರಿಸಿದ್ದಾರೆ ಅಂತ ಬರೆದುಕೊಂಡರು. ಅದಕ್ಕೆ ಸಹಿ ಬೇರೆ ಹಾಕಿದೆ.

ಅಷ್ಟು ಹೊತ್ತಿಗೆ ಬಾಯಲ್ಲಿದ್ದದ್ದು ಆರಿಹೋಗಿತ್ತು. ಊದಿದ್ದರೆ ಸೊನ್ನೆ, ಹೆಚ್ಚೆಂದರೆ ನಾಲ್ಕೈದು ಬರುತ್ತಿತ್ತು. ಮಶೀನ್ ಅಚ್ಚು ಹಾಕಿ ಕೊಡುವ ಎರಡು ಚೀಟಿ ಪಕ್ಕಪಕ್ಕ ಇಟ್ಟರೆ ಬೇರೆ ವಾದವೇ ಬೇಡ. ಕುಡಿದವನ ಅಂಕಿ ಕಾಲು ಗಂಟೆಯಲ್ಲಿ 71ರಿಂದ ಸೊನ್ನೆಗೆ ಇಳಿಯಲ್ಲ. ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ನೇ, ಬಂಧಿಸಿದವನಿಗೆ ಠಾಣೆಯಲ್ಲಿ ಮತ್ತೊಮ್ಮೆ ಊದಲು ಅವಕಾಶ ಕೊಡಬೇಕು ಅನ್ನುತ್ತದೆ. ನನಗೆ ರಸ್ತೆಯಲ್ಲೇ ಕೊಟ್ಟರು, ನಾನು ಒಲ್ಲೆ ಅಂದೆ. ಒಲ್ಲೆ ಅಂದದ್ದು 205ನೇ ಸೆಕ್ಷನ್‌ಗೆ ಸಿಕ್ಕಿಕೊಂಡಿತು: ಸರಿಯಾದ ಕಾರಣವಿಲ್ಲದೆ ಪರೀಕ್ಷೆ ನಿರಾಕರಿಸಿದರೆ ಅದನ್ನೇ ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೆ ಬಲ ಅಂತ ಕೋರ್ಟ್ ಭಾವಿಸಬಹುದು. ರೋಷ ಸರಿಯಾದ ಕಾರಣವಲ್ಲ, ಲಾಯರನ್ನ ಎರಡೆರಡು ಸಲ ಕೇಳಿದ್ದೇನೆ.

ಮಾರನೇ ದಿನ ಬೆಳಗ್ಗೆ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟು, ಆಲ್ಕೋಹಾಲ್ ಇಲ್ಲ ಅನ್ನೋ ರಿಪೋರ್ಟ್ ತಂದೆ. ಲಾಯರ್ ಅದನ್ನ ಓದಿ ಮಡಚಿ ವಾಪಸ್ ಕೊಟ್ಟರು. 100 ಮಿಲಿಲೀಟರ್ ರಕ್ತದಲ್ಲಿರುವ ಆಲ್ಕೋಹಾಲನ್ನ ದೇಹ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಸುತ್ತಾ ಹೋಗುತ್ತದೆ. ನಿಜವಾಗಿ ಕುಡಿದು 71 ಇದ್ದವನೂ ಬೆಳಗಾಗುವಷ್ಟರಲ್ಲಿ ಸೊನ್ನೆ. ವಾಯಿದೆ ಮೇಲೆ ವಾಯಿದೆ ಬಿದ್ದು, ಕೊನೆಗೆ ತಪ್ಪೊಪ್ಪಿಕೊಂಡು ಹತ್ತು ಸಾವಿರ ಕಟ್ಟಿದೆ. ಡಿಎಲ್ ಮೂರು ತಿಂಗಳು ಅಮಾನತು.

ಕಳೆದ ವರ್ಷ, 2025ರಲ್ಲಿ ಅಲ್ಲವಾ, ಕೇರಳದ ಪಂದಳಂ ಡಿಪೋದಲ್ಲಿ ಹಲಸಿನ ಹಣ್ಣು ತಿಂದ ಬಸ್ ಡ್ರೈವರ್‌ಗಳು ಮಶೀನ್‌ನಲ್ಲಿ ಸಿಕ್ಕಿಬಿದ್ದದ್ದು? ಅವರು ಬಚಾವಾದದ್ದು ಕುಡಿಯದವನಿಗೆ ಹಣ್ಣು ತಿನ್ನಿಸಿ ಮತ್ತೆ ಊದಿಸಿ ನೋಡಿದ್ದರಿಂದ. ಸುದ್ದಿ ಓದಿ ಎಲ್ಲರೂ ನಕ್ಕರು, ನನಗೆ ಹೊಟ್ಟೆ ಉರಿಯಿತು.

ಈಗ ನಿಮ್ಮ ವಿಷಯ. ಬೇಜಾರಾಗಬೇಡಿ, ನಿಮ್ಮ ಮಶೀನ್ ಸರಿಯಾಗಿಯೇ ಹೇಳಿದೆ. 650 ಮಿಲಿಯ ಒಂದು ಬಾಟಲಿ, ಐದು ಪರ್ಸೆಂಟ್ ಬಿಯರ್ ಅಂದರೂ ಸುಮಾರು 25 ಗ್ರಾಂ ಆಲ್ಕೋಹಾಲ್. ಎಪ್ಪತ್ತು ಕೆಜಿ ಆಳಿಗೆ ಅದು 50ರ ಆಸುಪಾಸು. ಸ್ಟ್ರಾಂಗ್ ಆಗಿದ್ದರೆ ಇನ್ನೂ ಮೇಲೆ. "ಒಂದೇ ಬಿಯರ್" ಅನ್ನುವುದು ನಿಮ್ಮ ಸಮರ್ಥನೆಯಲ್ಲ, ಅವರ ಸಾಕ್ಷಿ, ಕೋರ್ಟ್‌ನಲ್ಲಿ ಬಾಯಿಬಿಡಬೇಡಿ. 31, 32 ಬಂದಿದ್ದರೆ 2100ರ ಅನುಪಾತ ಆಳಿಂದಾಳಿಗೆ ಬದಲಾಗುತ್ತದೆ ಅಂತ ಎಳೆದಾಡಬಹುದಿತ್ತು. 48ಕ್ಕೆ ಅದು ನಡೆಯಲ್ಲ.

ನಿಮ್ಮ ಗೆಳೆಯರು ಹೇಳಿದ 1971ರ ಸುಪ್ರೀಂ ಕೋರ್ಟ್ ತೀರ್ಪು, ಬಚ್ಚುಭಾಯಿ ಕರ್ಯಾಣಿ ಕೇಸು, ಮಶೀನ್ ಬಗ್ಗೆ ಅಲ್ಲವೇ ಅಲ್ಲ. ಡಾಕ್ಟರು ಬಾಯಿ ವಾಸನೆ, ತೂರಾಟ, ತೊದಲು ಮಾತು ನೋಡಿ ಕುಡಿದಿದ್ದಾನೆ ಅಂದಿದ್ದರು, ರಕ್ತ ಪರೀಕ್ಷೆ ಮಾಡಿರಲಿಲ್ಲ. ಅಷ್ಟು ಸಾಲದು ಅಂತ ಕೋರ್ಟ್ ಹೇಳಿತು. ಕುಡಿದು ಗಾಡಿ ಓಡಿಸಿದ್ದಕ್ಕೆ ಹಾಕುವ, ಮೋಟಾರು ವಾಹನ ಕಾಯ್ದೆಯ ಈಗಿನ 185ನೇ ಸೆಕ್ಷನ್‌ನಲ್ಲಿ ಬ್ರೆತ್ ಅನಲೈಸರ್ ಹೆಸರೇ ಇದೆ. ಹಾಗಾಗಿ "ಮಶೀನ್ ಅನ್ನೋದೇ ಸುಳ್ಳು" ಅಂತ ಹೋದರೆ ನಡೆಯಲ್ಲ. ಆ ಮಶೀನ್, ಆ ರಾತ್ರಿ, ಸರಿಯಾಗಿತ್ತಾ ಅಂತ ಕೇಳಬಹುದು.

ಅದಕ್ಕೆ ಚೀಟಿ ಬೇಕು. ಬಸ್ ಟಿಕೆಟ್ ಥರದ ಕಾಗದ, ಬಿಸಿಗೆ ಅಚ್ಚು ಹಾರಿಹೋಗುತ್ತದೆ. ನನ್ನದರಲ್ಲಿ ಕೋರ್ಟ್‌ಗೆ ಹೋಗುವಷ್ಟರಲ್ಲಿ ಸೀರಿಯಲ್ ನಂಬರ್ ಅಳಿಸಿತ್ತು. ಇವತ್ತೇ ಫೋಟೋ ತೆಗೆದಿಡಿ. ಕ್ಯಾಲಿಬ್ರೇಷನ್ ತಾರೀಕು, ಅಂದರೆ ಮಶೀನ್ ಸರಿಯಾಗಿ ಅಳೆಯುತ್ತಾ ಅಂತ ಕೊನೆಯದಾಗಿ ಪರೀಕ್ಷಿಸಿದ ದಿನ, ಇದ್ದರೆ ಓದಿ. ನಿಮ್ಮ ಅಂಕಿಯ ಮೇಲೆ ಏರ್ ಬ್ಲ್ಯಾಂಕ್ ಅಂತ ಒಂದು ಸಾಲು ಇದೆಯಾ ನೋಡಿ. ನೀವು ಊದುವ ಮುಂಚೆ ಮಶೀನ್ ಖಾಲಿ ಗಾಳಿಗೆ ತೋರಿಸಿದ್ದು ಅದು. ಅದು ಸೊನ್ನೆ ಇರಲಿಲ್ಲ ಅನ್ನೋ ಕಾರಣಕ್ಕೆ ಕೇರಳ ಹೈಕೋರ್ಟ್ 2025ರಲ್ಲಿ 185ರ ಆರೋಪ ರದ್ದು ಮಾಡಿದೆ. ನಿಮ್ಮದೂ ಸೊನ್ನೆ ಇಲ್ಲದಿದ್ದರೆ ಲಾಯರ್ ಹತ್ತಿರ ಹೋಗಿ, ಆ ಸಾಲನ್ನೇ ಮೊದಲು ತೋರಿಸಿ. ಸೊನ್ನೆ ಇದ್ದರೆ ಲಾಯರ್ ಫೀಸೂ ಸೇರಿ ಕಳಕೊಳ್ಳಬೇಡಿ, ದಂಡ ಕಟ್ಟಿ ಗಾಡಿ ಬಿಡಿಸಿಕೊಳ್ಳಿ.