ಲೈನ್ ಮನೆಯವರ ಅರ್ಜಿ ಸದನ ಮುಟ್ಟುವುದು ಹೇಗೆ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ತೋಟದ ಲೈನ್ ಮನೆಗಳಲ್ಲಿದ್ದೇವೆ (ಕಾರ್ಮಿಕರಿಗೆ ಮಾಲೀಕರು ಕೊಡುವ ಸಾಲು ಮನೆಗಳು). ಸ್ವಂತ ನಿವೇಶನಕ್ಕೆ ಪಂಚಾಯಿತಿಗೆ ಕೊಟ್ಟ ಅರ್ಜಿಗಳು ಹಾಗೇ ಬಿದ್ದಿವೆ. ವಿಧಾನಸಭೆಯ ಸಮಿತಿಗೆ ಬರೆದರೆ ಫಲವಿದೆಯೇ?

ಉತ್ತರ: ಇದೆ. ಆದರೆ ಸಮಿತಿ ಮನೆ ಮಂಜೂರು ಮಾಡುವುದಿಲ್ಲ. ಇಲಾಖೆಯ ಅಧಿಕಾರಿಗಳನ್ನು ಕರೆಸಿ ವಿವರಣೆ ಕೇಳುತ್ತದೆ, ಸದನಕ್ಕೆ ಶಿಫಾರಸು ಕೊಡುತ್ತದೆ. ಸರ್ಕಾರ ಅದನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಏನು ಕ್ರಮ ಕೈಗೊಂಡಿದೆ ಎಂದು ಉತ್ತರಿಸಬೇಕಾಗುತ್ತದೆ.

ನಿಮಗೆ ಅರ್ಜಿಗಳ ಸಮಿತಿ ಸೂಕ್ತ. ನಿಮ್ಮ ಕ್ಷೇತ್ರದ ಶಾಸಕರ ಮೂಲಕ ಅರ್ಜಿ ಸಲ್ಲಿಸಿ. ನ್ಯಾಯಾಲಯದಲ್ಲಿರುವ ವಿಷಯ ಅದರಲ್ಲಿ ಬೇಡ.

ಹೆಚ್ಚಿನ ಅರ್ಜಿಗಳು ಸೋಲುವುದು ಜಾಗದ ವಿಚಾರದಲ್ಲಿ. "ನಮಗೆ ಮನೆ ಕೊಡಿ" ಎಂದಷ್ಟೇ ಬರೆದರೆ "ಜಾಗ ಲಭ್ಯವಿಲ್ಲ" ಎಂಬ ಒಂದೇ ಸಾಲಿನಲ್ಲಿ ಕಡತ ಮುಗಿಯುತ್ತದೆ. ಹತ್ತಿರದ ಪೈಸಾರಿ (ಸರ್ಕಾರಿ) ಜಾಗದ ಸರ್ವೆ ನಂಬರ್, ಪಹಣಿ ಪ್ರತಿ, ಗ್ರಾಮಸಭೆಯ ನಿರ್ಣಯ, ಕುಟುಂಬಗಳ ಪಟ್ಟಿ ಲಗತ್ತಿಸಿ. ಪಹಣಿಯಲ್ಲಿ ಅರಣ್ಯ ಅಥವಾ ದೇವರಕಾಡು ಎಂದಿದ್ದರೆ ಆ ಜಾಗ ಬಿಟ್ಟುಬಿಡಿ. ಕಂದಾಯ ಇಲಾಖೆ ತಾನಾಗಿ ಅದನ್ನು ಹಂಚಲಾರದು, ವರ್ಷಗಳು ವ್ಯರ್ಥ.

ಇನ್ನೊಂದು ದಾರಿ ನಮಗೆ ಹೆಚ್ಚು ಗಟ್ಟಿಯೆನಿಸುತ್ತದೆ. ಇದೇ ಸರ್ವೆ ನಂಬರ್ ಹೆಸರಿಸಿ ಪ್ರಶ್ನೆ ಕೇಳಲು ಶಾಸಕರನ್ನು ಒತ್ತಾಯಿಸಿ. ಸಚಿವರು ಸದನದಲ್ಲಿ "ಕ್ರಮ ಕೈಗೊಳ್ಳಲಾಗುವುದು" ಎಂದರೆ ಅದು ಭರವಸೆಯಾಗಿ ದಾಖಲಾಗಬಹುದು. ಆಗ ಅದರ ಬೆನ್ನು ಹತ್ತುವುದು ಸರ್ಕಾರಿ ಭರವಸೆಗಳ ಸಮಿತಿಯ ಕೆಲಸ. ಉತ್ತರದ ಪ್ರತಿ ತಪ್ಪದೆ ಪಡೆದಿಡಿ.

ಅಲ್ಲಿಯವರೆಗೆ ಸೋರುವ ಲೈನ್ ಮನೆಯ ದುರಸ್ತಿಯನ್ನು ಕೇಳದೆ ಬಿಡಬೇಡಿ. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿಯ ಹೊಣೆಯನ್ನು ಮಾಲೀಕರ ಮೇಲೆಯೇ ಹೊರಿಸಿತ್ತು. ದೂರನ್ನು ಕಾರ್ಮಿಕ ಇಲಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.